ಒಂದೇ ಪಂದ್ಯ, ನಾಲ್ಕು ಭಾಷೆಯ ಕಾಮೆಂಟರಿ: ಟಿವಿ ಧ್ವನಿಯ ಹೊಸ ಕೋಡೆಕ್‌ಗಳು ಕೇಳುವ ಶಿಸ್ತು

ಪ್ರಶ್ನೆ: ಕ್ರೀಡಾ ಪ್ರಸಾರದಲ್ಲಿ ಧ್ವನಿ ಮಿಶ್ರಣದ ಕೆಲಸ ಮಾಡುತ್ತೇನೆ. ಇಲ್ಲಿಯವರೆಗೆ ಸ್ಟೀರಿಯೋ ಮತ್ತು 5.1 (ಸುತ್ತಲಿಂದ ಕೇಳಿಸುವ ಆರು ಚಾನೆಲ್ ಧ್ವನಿ) ಮಾತ್ರ ಗೊತ್ತು. ಎಂಪೆಗ್-ಎಚ್, ಎಸಿ-4 ಎಂಬ ಹೊಸ ಕೋಡೆಕ್‌ಗಳಲ್ಲಿ (ಧ್ವನಿಯನ್ನು ಕುಗ್ಗಿಸಿ ಕಳಿಸಿ ಮತ್ತೆ ಬಿಚ್ಚುವ ಪದ್ಧತಿಗಳಲ್ಲಿ) ಮನೆಯವರೇ ರಿಮೋಟ್ ಒತ್ತಿ ಕಾಮೆಂಟರಿಯ ಭಾಷೆ ಬದಲಿಸಬಹುದು, ಮಾತಿನ ಸದ್ದು ಏರಿಸಬಹುದು ಎನ್ನುತ್ತಾರೆ. ಇವೆರಡರಲ್ಲಿ ವ್ಯತ್ಯಾಸವೇನು? ಒಂದು ಕ್ರಿಕೆಟ್ ಪಂದ್ಯಕ್ಕೆ ಕನ್ನಡ, ಹಿಂದಿ, ಇಂಗ್ಲಿಷ್, ತೆಲುಗು ಕಾಮೆಂಟರಿ ಕೊಡಬೇಕಾದರೆ ಚಾನೆಲ್‌ಗಳನ್ನು ಹೇಗೆ ಜೋಡಿಸಬೇಕು? ಎಲ್ಲೆಲ್ಲಿ ಕೈ ಕೊಡುತ್ತದೆ?

ಉತ್ತರ: ಈ ಕೋಡೆಕ್‌ಗಳ ಮಾತು ಬಂದಾಗಲೆಲ್ಲ ಚಾವಣಿಯ ಸ್ಪೀಕರ್‌ಗಳ ಚಿತ್ರ ಮುಂದೆ ಬರುತ್ತದೆ. ಆದರೆ ನೋಡುಗರಲ್ಲಿ ಹೆಚ್ಚಿನವರು ಕೇಳುವುದು ಟಿವಿಯ ಎರಡು ಸಣ್ಣ ಸ್ಪೀಕರ್‌ಗಳಲ್ಲಿ. ಅವರಿಗೆ ನಿಜವಾದ ಲಾಭ ಇರುವುದು ಬೇರೆ ಕಡೆ: ಮಿಶ್ರಣದ ಕೊನೆಯ ಹೆಜ್ಜೆ ಒಬಿ ವ್ಯಾನಿನಲ್ಲಿ (ಮೈದಾನದ ಬಳಿಯ ಪ್ರಸಾರ ವಾಹನದಲ್ಲಿ) ನಡೆಯದೆ ಮನೆಯ ಟಿವಿಯೊಳಗೆ ನಡೆಯುತ್ತದೆ. ನೀವು ಕಳಿಸುವುದು ಬೆಂದ ಅಡುಗೆಯನ್ನಲ್ಲ. ಹೆಚ್ಚಿಟ್ಟ ತರಕಾರಿ ಮತ್ತು ಅದನ್ನು ಬೇಯಿಸುವ ಚೀಟಿ. ಆ ಚೀಟಿಯೇ ಮೆಟಾಡೇಟಾ. ನಿಮ್ಮ ಕೆಲಸದಲ್ಲಿ ಬದಲಾಗುವುದೆಲ್ಲ ಈ ಒಂದು ಸಂಗತಿಯಿಂದ ಹುಟ್ಟುತ್ತದೆ.

ಮೊದಲು ಎರಡು ಕೋಡೆಕ್‌ಗಳ ಪರಿಚಯ. ಎಂಪೆಗ್-ಎಚ್ 3ಡಿ ಆಡಿಯೋ ಅಂತರರಾಷ್ಟ್ರೀಯ ಮಾನಕ. ಐಎಸ್‌ಒ/ಐಇಸಿ 23008-3 ಅದರ ಸಂಖ್ಯೆ, ಮೊದಲ ಆವೃತ್ತಿ ಬಂದದ್ದು 2015ರಲ್ಲಿ. ಅದರ ಬೆಳವಣಿಗೆಯಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರಾನ್‌ಹೋಫರ್ ಐಐಎಸ್ ಸಂಸ್ಥೆಯ ಪಾಲು ದೊಡ್ಡದು. ಎಸಿ-4 ಡಾಲ್ಬಿಯದು, ಯುರೋಪಿನ ಎಟ್ಸಿ ಸಂಸ್ಥೆ ಅದನ್ನು ಟಿಎಸ್ 103 190 ಎಂಬ ಮಾನಕವಾಗಿ ಎರಡು ಭಾಗಗಳಲ್ಲಿ ಪ್ರಕಟಿಸಿದೆ. ಮೊದಲ ಭಾಗದಲ್ಲಿ ಚಾನೆಲ್ ಆಧಾರಿತ ಧ್ವನಿ ಇದೆ, ಎರಡನೆಯದರಲ್ಲಿ ಆಬ್ಜೆಕ್ಟ್‌ಗಳು (ಬೆರೆಸದೆ ಪ್ರತ್ಯೇಕವಾಗಿ ಕಳಿಸುವ ಧ್ವನಿಗಳು) ಮತ್ತು ಎತ್ತರದ ಧ್ವನಿ. ಅಮೆರಿಕದ ಡಿಜಿಟಲ್ ಟಿವಿ ಪದ್ಧತಿ ಎಟಿಎಸ್‌ಸಿ 3.0 ಕುಟುಂಬದ ಎ/342 ಮಾನಕ ಇವೆರಡಕ್ಕೂ ಜಾಗ ಕೊಟ್ಟಿದೆ, ಯುರೋಪಿನ ಡಿಜಿಟಲ್ ಟಿವಿ ಪದ್ಧತಿ ಡಿವಿಬಿಯೂ ಹಾಗೆಯೇ. ಯಾವುದನ್ನು ಬಳಸುವುದು ಎಂಬ ತೀರ್ಮಾನ ಆಯಾ ದೇಶದ್ದು. ದಕ್ಷಿಣ ಕೊರಿಯಾ ಎಂಪೆಗ್-ಎಚ್ ಆರಿಸಿಕೊಂಡು 2017ರ ಮೇ 31ರಂದು ಸೋಲ್ ಪ್ರದೇಶದಲ್ಲಿ ನೆಲದ ಗೋಪುರಗಳಿಂದ ಯುಎಚ್‌ಡಿ ಪ್ರಸಾರ ಶುರುಮಾಡಿತು. ಅಮೆರಿಕದ ಕೇಂದ್ರಗಳು ಎಸಿ-4 ಹಿಡಿದವು. ಬ್ರೆಜಿಲ್ ಟಿವಿ 3.0 ಎಂಬ ತನ್ನ ಹೊಸ ಪ್ರಸಾರ ಪದ್ಧತಿಗೆ ಎಂಪೆಗ್-ಎಚ್ ಆರಿಸಿಕೊಂಡಿತು.

ಎರಡೂ ಮಾಡುವ ಕೆಲಸ ಬಹುಪಾಲು ಒಂದೇ, ಹೆಸರುಗಳು ಬೇರೆ. ಎಂಪೆಗ್-ಎಚ್‌ನಲ್ಲಿ ‘ಪ್ರಿಸೆಟ್’ ಎನ್ನುವುದನ್ನು ಎಸಿ-4ರಲ್ಲಿ ‘ಪ್ರೆಸೆಂಟೇಶನ್’ ಎನ್ನುತ್ತಾರೆ: ‘ಕನ್ನಡ ಕಾಮೆಂಟರಿ’, ‘ಕ್ರೀಡಾಂಗಣದ ಸದ್ದು ಮಾತ್ರ’, ‘ಮಾತು ಸ್ಪಷ್ಟ’ ಹೀಗೆ ನೀವೇ ತಯಾರಿಸಿ ಕೊಡುವ ಸಿದ್ಧ ಮಿಶ್ರಣಗಳು. ಒಳರಚನೆಯಲ್ಲಿ ವ್ಯತ್ಯಾಸಗಳಿವೆ, ಅವುಗಳಲ್ಲಿ ಎರಡು ನಿಮ್ಮ ಕೆಲಸಕ್ಕೆ ತಾಗುತ್ತವೆ.

ಒಂದು, ಫ್ರೇಮ್‌ನ ಅಳತೆ. 48,000 ಹರ್ಟ್ಸ್ ಧ್ವನಿಯಲ್ಲಿ, ಸೆಕೆಂಡಿಗೆ 25 ಚಿತ್ರಗಳಿದ್ದರೆ ಒಂದು ಚಿತ್ರಕ್ಕೆ 1,920 ಸ್ಯಾಂಪಲ್ (ಧ್ವನಿಯನ್ನು ಅಳೆದ ಬಿಂದು) ಬರುತ್ತದೆ. ಎಂಪೆಗ್-ಎಚ್‌ನ ಒಂದು ಫ್ರೇಮ್ 1,024 ಸ್ಯಾಂಪಲ್. ಚಿತ್ರ ಮುಗಿಯುವ ಜಾಗವೂ ಧ್ವನಿಯ ಫ್ರೇಮ್ ಮುಗಿಯುವ ಜಾಗವೂ ಒಂದೇ ಆಗುವುದು ಅಪರೂಪ. ಹಾಗಾಗಿ ಜಾಹೀರಾತು ಸೇರಿಸುವಾಗ ಧ್ವನಿ ಚಿತ್ರದ ಗಡಿಯಲ್ಲೇ ಕತ್ತರಿಸಬೇಕೆಂದರೆ, ‘ಈ ಫ್ರೇಮಿನಲ್ಲಿ ಇಷ್ಟು ಸ್ಯಾಂಪಲ್ ಬಿಸಾಡು’ ಎಂದು ಡೀಕೋಡರಿಗೆ (ಟಿವಿಯೊಳಗೆ ಸ್ಟ್ರೀಮ್ ಬಿಚ್ಚಿ ಧ್ವನಿ ಕೊಡುವ ಭಾಗಕ್ಕೆ) ಹೇಳುವ ಟ್ರಂಕೇಶನ್ ಪ್ಯಾಕೆಟ್ ಹಾಕುತ್ತಾರೆ. ಎಸಿ-4 ಬೇರೆ ದಾರಿ ಹಿಡಿದಿದೆ. ಅದು ಧ್ವನಿಯ ಫ್ರೇಮನ್ನೇ ಚಿತ್ರದ ಫ್ರೇಮಿಗೆ ಹೊಂದಿಸುತ್ತದೆ: 25 ಫ್ರೇಮ್‌ಗೆ ಒಳಗೆ 2,048 ಸ್ಯಾಂಪಲ್ ಇಟ್ಟುಕೊಂಡು, ಡೀಕೋಡರ್ ಹೊರಗೆ ಬಿಡುವಾಗ 15/16ರ ಅನುಪಾತದಲ್ಲಿ ಇಳಿಸಿ 48,000ಕ್ಕೆ ತರುತ್ತದೆ. ಚಿತ್ರದ ಜೊತೆಗೇ ಕತ್ತರಿಸಿ ಅಂಟಿಸುವುದು ಎಸಿ-4ರಲ್ಲಿ ಸಲೀಸು. ಎಂಪೆಗ್-ಎಚ್‌ನಲ್ಲಿ ಕತ್ತರಿಸಿ ಅಂಟಿಸುವ ಯಂತ್ರವಾದ ಸ್ಪ್ಲೈಸರ್‌ಗೆ ಈ ಪ್ಯಾಕೆಟ್‌ಗಳ ಅರಿವು ಇದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಎರಡು, ಮಾತನ್ನು ಏರಿಸುವ ವಿಧಾನ. ಎಸಿ-4ರಲ್ಲಿ ಡೈಲಾಗ್ ಎನ್‌ಹಾನ್ಸ್‌ಮೆಂಟ್ ಕೋಡೆಕ್‌ನ ಭಾಗವಾಗಿಯೇ ಇದೆ. ಮಾತು ಮಿಶ್ರಣದೊಳಗೇ ಬೆರೆತು ಹೋಗುತ್ತಿದ್ದರೂ, ಧ್ವನಿಯನ್ನು ಕುಗ್ಗಿಸಿ ಸ್ಟ್ರೀಮ್ ಮಾಡುವ ಎನ್‌ಕೋಡರಿಗೆ ಮಾತಿನ ಶುದ್ಧ ಟ್ರ್ಯಾಕ್ ಕೊಟ್ಟರೆ ಅದು ನಿಯತಾಂಕಗಳನ್ನು ಲೆಕ್ಕಹಾಕಿ ಕಳಿಸುತ್ತದೆ, ಟಿವಿ ಅವನ್ನು ಬಳಸಿ ಮಾತನ್ನು ಮೇಲೆತ್ತುತ್ತದೆ. ಎಷ್ಟರವರೆಗೆ ಎತ್ತಬಹುದು ಎಂಬ ಮಿತಿ ಪ್ರಸಾರಕರ ಕೈಯಲ್ಲಿ: 3, 6, 9 ಅಥವಾ 12 ಡೆಸಿಬೆಲ್. ಎಂಪೆಗ್-ಎಚ್‌ನಲ್ಲಿ ಸಾಮಾನ್ಯ ದಾರಿ ಮಾತನ್ನೇ ಬೇರೆ ಆಬ್ಜೆಕ್ಟ್ ಆಗಿ ಕಳಿಸುವುದು. ಪ್ರತಿ ಆಬ್ಜೆಕ್ಟ್‌ಗೂ ಕನಿಷ್ಠ ಮತ್ತು ಗರಿಷ್ಠ ಗೇನ್ (ಸದ್ದನ್ನು ಏರಿಸುವ, ಇಳಿಸುವ ಪ್ರಮಾಣ) ನೀವೇ ಬರೆದಿಡುತ್ತೀರಿ. ಮಾನಕ ವಿಶಾಲ ಅಂತರಕ್ಕೆ ಅವಕಾಶ ಕೊಡುತ್ತದೆ, ಆದರೆ ಕಾಮೆಂಟರಿಗೆ ಮೇಲೆ 9, ಕೆಳಗೆ 12 ಡೆಸಿಬೆಲ್ ಸಾಕು. ಪೂರ್ತಿ ಮಾತು ಬೇಡವೆನ್ನುವವರಿಗೆ ‘ಕಾಮೆಂಟರಿ ಇಲ್ಲ’ ಎಂಬ ಪ್ರತ್ಯೇಕ ಪ್ರಿಸೆಟ್ ಕೊಡಿ. ಕೆಳಗಿನ ಮಿತಿ ತೀರಾ ಆಳವಾಗಿದ್ದರೆ ಮನೆಯ ಯಾರೋ ಒಬ್ಬರು ಇಳಿಸಿಟ್ಟು ಮರೆತು, ಮರುದಿನ ‘ಚಾನೆಲ್‌ನಲ್ಲಿ ಮಾತೇ ಬರುತ್ತಿಲ್ಲ’ ಎಂಬ ದೂರು ನಿಮ್ಮ ಮೇಜಿಗೆ ಬರುತ್ತದೆ.

ಈ ಆಯ್ಕೆಯನ್ನು ಜನ ನಿಜಕ್ಕೂ ಬಳಸುತ್ತಾರೆಯೇ ಎಂಬ ಅನುಮಾನ ಸಹಜ. 2011ರ ವಿಂಬಲ್ಡನ್ ವೇಳೆ ಬಿಬಿಸಿ ಮತ್ತು ಫ್ರಾನ್‌ಹೋಫರ್ ಸೇರಿ ಅಂತರಜಾಲ ರೇಡಿಯೋದಲ್ಲಿ ಒಂದು ಪ್ರಯೋಗ ಮಾಡಿದವು: ಕೇಳುಗರೇ ಕಾಮೆಂಟರಿ ಮತ್ತು ಅಂಕಣದ ಸದ್ದಿನ ಪ್ರಮಾಣ ಬದಲಿಸಬಹುದಿತ್ತು. ಕೆಲವರು ಮಾತು ಏರಿಸಿಕೊಂಡರು, ಕೆಲವರು ಚೆಂಡಿನ ಸದ್ದು ಏರಿಸಿಕೊಂಡರು. ಎಲ್ಲರಿಗೂ ಹೊಂದುವ ಒಂದೇ ಮಿಶ್ರಣ ಇಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಕಿವಿ ಮಂದವಾದ ಹಿರಿಯರಿರುವ ಮನೆಯಲ್ಲಿ ಇದು ಸೌಕರ್ಯದ ಮಾತಲ್ಲ, ಕಾರ್ಯಕ್ರಮ ಅರ್ಥವಾಗುವ ಅಥವಾ ಆಗದಿರುವ ಮಾತು.

ಈಗ ನಿಮ್ಮ ಕ್ರಿಕೆಟ್ ಪಂದ್ಯ. ಇವತ್ತಿನ ಪದ್ಧತಿಯಲ್ಲಿ ಭಾಷೆಗೊಂದು ಚಾನೆಲ್. 2018ರ ಕೊನೆಯಲ್ಲಿ ಕನ್ನಡಕ್ಕೇ ಒಂದು ಸ್ಟಾರ್ ಸ್ಪೋರ್ಟ್ಸ್ ಚಾನೆಲ್ ಬಂದದ್ದು ಹಾಗೆ. ಅಂದರೆ ಅದೇ ಚಿತ್ರ, ಅದೇ ಜನರ ಕೂಗು, ಕಾಮೆಂಟರಿ ಮಾತ್ರ ಬೇರೆ. ಆದರೂ ಪೂರ್ತಿ ವಿಡಿಯೋವನ್ನು ಮತ್ತೊಮ್ಮೆ ಕಳಿಸಬೇಕು. ಧ್ವನಿಯ ಲೆಕ್ಕವನ್ನಷ್ಟೇ ನೋಡಿ: 5.1ರ ಜೊತೆ ನಾಲ್ಕು ಎತ್ತರದ ಚಾನೆಲ್ ಇರುವ ಪೂರ್ಣ ಮಿಶ್ರಣಕ್ಕೆ ಸೆಕೆಂಡಿಗೆ 384 ಕಿಲೋಬಿಟ್ ಎಂದಿಟ್ಟುಕೊಂಡರೆ ನಾಲ್ಕು ಭಾಷೆಗೆ 1,536. ಅದರ ಬದಲು ಕ್ರೀಡಾಂಗಣದ ಸದ್ದನ್ನು ಒಂದೇ ಬೆಡ್ (ಎಲ್ಲ ಭಾಷೆಗಳಿಗೂ ಒಂದೇ ಆದ ತಳದ ಮಿಶ್ರಣ) ಆಗಿ 320ರಲ್ಲಿ, ನಾಲ್ಕು ಕಾಮೆಂಟರಿಗಳನ್ನು ತಲಾ 48ರ ಮೋನೋ ಆಬ್ಜೆಕ್ಟ್‌ಗಳಾಗಿ ಕಳಿಸಿದರೆ ಒಟ್ಟು 512. ಮೂರರಲ್ಲೊಂದು. ದರಗಳು ಊಹೆಯ ಉದಾಹರಣೆ, ಆದರೆ ತೀರಾ ಅಡ್ಡಾದಿಡ್ಡಿಯಲ್ಲ. ಎಂಪೆಗ್‌ನ ಪರಿಶೀಲನಾ ಪರೀಕ್ಷೆಗಳಲ್ಲಿ ಇಂಥ ಎತ್ತರದ ಮಿಶ್ರಣಗಳನ್ನು 512, 384, 256 ಕಿಲೋಬಿಟ್ ದರಗಳಲ್ಲೇ ಕೇಳಿಸಿದ್ದು.

ಚಿತ್ರ ಮತ್ತು ಧ್ವನಿಯನ್ನು ಒಟ್ಟಿಗೆ ಒಯ್ಯುವ ಎಸ್‌ಡಿಐ ಕೇಬಲ್ಲಿನಲ್ಲಿ ನಿಮಗೆ ಸಿಗುವುದು 16 ಧ್ವನಿ ಚಾನೆಲ್. ಎಂಪೆಗ್-ಎಚ್‌ಗಾದರೆ ಹೀಗೆ ಜೋಡಿಸಿ: 1ರಿಂದ 6, ಎಡ, ಬಲ, ನಡು, ಎಲ್‌ಎಫ್‌ಇ (ತೀರಾ ತಗ್ಗಿನ ಗುಡುಗು ಸದ್ದು), ಎಡ ಸರೌಂಡ್, ಬಲ ಸರೌಂಡ್. 7ರಿಂದ 10, ಮೇಲಿನ ನಾಲ್ಕು: ಮುಂದೆ ಎರಡು, ಹಿಂದೆ ಎರಡು. 11 ಕನ್ನಡ, 12 ಹಿಂದಿ, 13 ಇಂಗ್ಲಿಷ್, 14 ತೆಲುಗು. 15ರಲ್ಲಿ ಸ್ಟಂಪ್ ಮೈಕ್. 16 ಮೆಟಾಡೇಟಾ ಹೊರುವ ಕಂಟ್ರೋಲ್ ಟ್ರ್ಯಾಕ್. ಈ ಕ್ರಮವನ್ನು ವ್ಯಾನ್, ಪ್ಲೇಔಟ್ (ಚಾನೆಲ್ ಪ್ರಸಾರಕ್ಕೆ ಹೊರಬಿಡುವ ಕೇಂದ್ರ), ಎನ್‌ಕೋಡರ್ ಮೂರೂ ಕಡೆ ಒಂದೇ ಹಾಳೆಯಲ್ಲಿ ಬರೆದು ಅಂಟಿಸಿ, ಋತು ಮುಗಿಯುವವರೆಗೆ ಮುಟ್ಟಬೇಡಿ. ಒಂದು ಪಂದ್ಯಕ್ಕೆ ತೆಲುಗು ಇಲ್ಲದಿದ್ದರೆ 14ನ್ನು ಖಾಲಿ ಬಿಡಿ. ಇಂಗ್ಲಿಷನ್ನು ಅಲ್ಲಿಗೆ ಸರಿಸಬೇಡಿ. ಕುರುಡರಿಗಾಗಿ ವಿವರಣೆ ಕೊಡುವ ಆಸೆ ಇದ್ದರೆ ಸ್ಟಂಪ್ ಮೈಕನ್ನು ಬೆಡ್‌ಗೆ ಸೇರಿಸಿ 15ನ್ನು ಅದಕ್ಕೆ ಬಿಟ್ಟುಕೊಡಿ. ಆಕಾಶವಾಣಿಯ ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರಿಗೆ ಗೊತ್ತು, ಚೆಂಡು ಯಾವ ಕಡೆ ಹೋಯಿತು, ಯಾರು ಓಡಿದರು ಎಂದು ಬಾಯಲ್ಲಿ ಹೇಳುವುದೇ ಬೇರೆ ಕಲೆ. ಟಿವಿ ಕಾಮೆಂಟರಿ ಅದರ ಬದಲಿಯಾಗದು.

ಡೀಕೋಡರಿನ ಮಿತಿಯೂ ಗೊತ್ತಿರಲಿ. ಪ್ರಸಾರ ಟಿವಿಗಳಲ್ಲಿ ಬಳಸುವ ಎಂಪೆಗ್-ಎಚ್ ಲೋ ಕಾಂಪ್ಲೆಕ್ಸಿಟಿ ಪ್ರೊಫೈಲಿನ ಮೂರನೇ ಲೆವೆಲ್‌ನಲ್ಲಿ ಒಂದು ಸ್ಟ್ರೀಮ್ 32 ಚಾನೆಲ್ ಹೊರಬಹುದು, ಆದರೆ ಟಿವಿ ಒಂದು ಹೊತ್ತಿಗೆ ಬಿಚ್ಚುವುದು 16ನ್ನು, ಹೊರಗೆ ಕೊಡುವುದು ಗರಿಷ್ಠ 12 ಸ್ಪೀಕರಿಗೆ. ನಾಲ್ಕು ಭಾಷೆಗಳನ್ನು ಒಂದೇ ‘ಸ್ವಿಚ್ ಗ್ರೂಪ್’ನಲ್ಲಿಟ್ಟರೆ ಒಂದು ಹೊತ್ತಿಗೆ ಒಂದೇ ಸದ್ದುಮಾಡುತ್ತದೆ, ಉಳಿದವು ಸ್ಟ್ರೀಮಿನಲ್ಲಿದ್ದರೂ ಬಿಚ್ಚುವ ಲೆಕ್ಕಕ್ಕೆ ಬರುವುದಿಲ್ಲ. ಗುಂಪು ಮಾಡುವುದನ್ನು ಮರೆತರೆ ಕನ್ನಡ, ಹಿಂದಿ ಎರಡೂ ಒಟ್ಟಿಗೆ ಮಾತಾಡುವ ಅವಸ್ಥೆ.

ಭಾಷೆಯ ಕೋಡ್ ‘ಕೆ-ಎ-ಎನ್’ ಎಂದು ಸರಿಯಾಗಿ ಬರೆಯಿರಿ. ನೋಡುಗರು ಟಿವಿಯಲ್ಲಿ ಇಷ್ಟದ ಭಾಷೆ ಕನ್ನಡ ಎಂದು ಒಮ್ಮೆ ಇಟ್ಟಿದ್ದರೆ ಚಾನೆಲ್ ಬದಲಿಸಿದಾಗ ತಾನೇ ಕನ್ನಡ ಬರುವುದು ಆ ಮೂರು ಅಕ್ಷರದಿಂದ. ಪರದೆಯಲ್ಲಿ ಕಾಣುವ ಹೆಸರನ್ನು ಕನ್ನಡ ಲಿಪಿಯಲ್ಲೇ ಕೊಡಿ, ಆದರೆ ಚಿಕ್ಕದಾಗಿಡಿ. ಯಂತ್ರಗಳು ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಪ್ರೇಕ್ಷಕರು’ ಎಂಬ ಪದ ನೋಡಲು ನಾಲ್ಕು ಅಕ್ಷರ. ಒತ್ತು, ಕಾಗುಣಿತ ಬಿಡಿಸಿದರೆ ಹತ್ತು ಸಂಕೇತ, ಅಂದರೆ 30 ಬೈಟ್. ಯಂತ್ರ ಎಣಿಸುವುದು ಬೈಟನ್ನು, ಅಕ್ಷರವನ್ನಲ್ಲ. ಉದ್ದದ ಹೆಸರು ಒತ್ತಕ್ಷರದ ನಡುವೆ ತುಂಡಾದರೆ ಪರದೆಯಲ್ಲಿ ಚೌಕಟ್ಟಿನ ಗುರುತು ಉಳಿಯುತ್ತದೆ. ‘ಜನರ ಸದ್ದು’ ಸಾಕು. ಟಿವಿಯ ಫಾಂಟ್ ಒತ್ತಕ್ಷರ ಜೋಡಿಸುತ್ತದೆಯೇ ಎಂದು ಎರಡು ಮೂರು ಕಂಪನಿಯ ಸೆಟ್‌ಗಳಲ್ಲಿ ಕಣ್ಣಾರೆ ನೋಡಿ.

ಕಂಟ್ರೋಲ್ ಟ್ರ್ಯಾಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದು ಮೆಟಾಡೇಟಾವನ್ನೇ ಧ್ವನಿಯಂತೆ ಮಾಡಿ 16ನೇ ಚಾನೆಲ್‌ನಲ್ಲಿ ಓಡಿಸುವ ಉಪಾಯ. ಕೇಳಿದರೆ ಟೈಮ್‌ಕೋಡಿನ ಹಾಗೆ ಕರಕರ ಸದ್ದು. ಚಿತ್ರದ ಫ್ರೇಮಿಗೆ ಹೊಂದಿಕೊಂಡಿರುತ್ತದೆ, ಹಾಗಾಗಿ ಸಾಮಾನ್ಯ ಸ್ವಿಚರಿನಲ್ಲಿ ಚಿತ್ರ ಬದಲಿಸಿದರೆ ಮೆಟಾಡೇಟಾವೂ ಅದೇ ಕ್ಷಣಕ್ಕೆ ಬದಲಾಗುತ್ತದೆ. ಸ್ಯಾಂಪಲ್ ದರದ ಪರಿವರ್ತನೆಯನ್ನೂ ಸಣ್ಣ ಮಟ್ಟದ ಏರಿಳಿತವನ್ನೂ ತಾಳಿಕೊಳ್ಳುವಂತೆ ಅದನ್ನು ರೂಪಿಸಿದ್ದಾರೆ. ತಾಳದೇ ಇರುವುದು ಮಿಶ್ರಣವನ್ನು. ಪ್ಲೇಔಟಿನಲ್ಲಿ ಎರಡು ಮೂಲಗಳ ನಡುವೆ ಎಲ್ಲ 16 ಚಾನೆಲ್‌ಗಳಿಗೂ ಅರ್ಧ ಸೆಕೆಂಡಿನ ಕ್ರಾಸ್‌ಫೇಡ್ (ಒಂದು ಇಳಿಯುತ್ತ ಇನ್ನೊಂದು ಏರುವ ಬದಲಾವಣೆ) ಹಾಕಿದ್ದರೆ ಆ ಅರ್ಧ ಸೆಕೆಂಡು ಎರಡು ಕಂಟ್ರೋಲ್ ಟ್ರ್ಯಾಕ್‌ಗಳು ಒಂದರ ಮೇಲೊಂದು ಬಿದ್ದು ಎರಡೂ ಓದಲಾಗದಂತಾಗುತ್ತವೆ. 16ಕ್ಕೆ ಕಟ್ ಮಾತ್ರ. ಹಾಗೆಯೇ ಲೌಡ್‌ನೆಸ್ ಪ್ರೊಸೆಸರ್, ಈಕ್ವಲೈಸರ್, ಲಿಮಿಟರ್ ಯಾವುದೂ ಆ ಚಾನೆಲ್ ಮುಟ್ಟಬಾರದು. ಮಾನಿಟರ್ ಮಿಶ್ರಣಕ್ಕೂ ಅದು ಹೋಗದಿರಲಿ, ಆ ಸದ್ದು ಕಿವಿಗೆ ಒಳ್ಳೆಯದಲ್ಲ. ಟ್ರ್ಯಾಕ್ ತಪ್ಪಿಹೋದರೆ ಏನಾಗಬೇಕು ಎಂಬುದನ್ನು ಎನ್‌ಕೋಡರಿನಲ್ಲಿ ಮೊದಲೇ ನಮೂದಿಸಿಡಿ. ಬೆಡ್ ಮತ್ತು ಚಾನೆಲ್ಲಿನ ಮುಖ್ಯ ಭಾಷೆ ಸೇರಿದ ಒಂದು ಸುರಕ್ಷಿತ ಜೋಡಣೆ ಸಾಕು. ಎರಡೂ ಕೋಡೆಕ್‌ಗಳಿಗೆ ಹೊಂದುವ ಮುಕ್ತ ದಾರಿ ಬೇಕೆಂದರೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುವಿನ ಮಾನಕಗಳಿವೆ: ಫೈಲುಗಳಿಗೆ ಬಿಎಸ್.2076ರ ಎಡಿಎಂ (ಧ್ವನಿಯ ಮೆಟಾಡೇಟಾ ಬರೆಯುವ ಕ್ರಮ), ನೇರಪ್ರಸಾರಕ್ಕೆ ಅದನ್ನೇ ತುಂಡುತುಂಡಾಗಿ ಹರಿಸುವ ಬಿಎಸ್.2125ರ ಸೀರಿಯಲ್ ಎಡಿಎಂ.

ಇನ್ನು ಕೈಕೊಡುವ ಜಾಗಗಳು. ಮೆಟಾಡೇಟಾ ತಪ್ಪುಗಳು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಮಿಶ್ರಣದ ಹಳೆಯ ಅಭ್ಯಾಸದಿಂದ ಬರುವ ತಪ್ಪುಗಳು ಪಂದ್ಯ ನಡೆಯುವಾಗಲೇ ಹೊರಬೀಳುತ್ತವೆ, ಅವೇ ಹೆಚ್ಚು ಕಾಡುವಂಥವು.

ಎಲ್ಲಕ್ಕಿಂತ ದೊಡ್ಡದು ಡಕ್ಕಿಂಗ್. ಕಾಮೆಂಟೇಟರ್ ಬಾಯಿ ತೆರೆದಾಗ ಜನರ ಸದ್ದನ್ನು ಐದಾರು ಡೆಸಿಬೆಲ್ ತಗ್ಗಿಸುವುದು ನಿಮಗೆ ಉಸಿರಾಟದಷ್ಟೇ ಸಹಜ. ಡೆಸ್ಕಿನಲ್ಲಿ ಸೈಡ್‌ಚೈನ್ ಕಂಪ್ರೆಸರ್ (ಒಂದು ಸದ್ದು ಬಂದಾಗ ಇನ್ನೊಂದನ್ನು ತಗ್ಗಿಸುವ ಯಂತ್ರ) ತಾನೇ ಮಾಡುತ್ತಿರುತ್ತದೆ. ಆದರೆ ಇಲ್ಲಿ ಬೆಡ್ ಒಂದೇ, ಭಾಷೆ ನಾಲ್ಕು. ಇಂಗ್ಲಿಷ್ ಕಾಮೆಂಟರಿಗೆ ಹೊಂದಿಸಿ ಬೆಡ್ ತಗ್ಗಿಸಿದರೆ ಕನ್ನಡ ಕೇಳುತ್ತಿರುವವರಿಗೆ ಏನಾಗುತ್ತದೆ ನೋಡಿ: ಕನ್ನಡದವರು ಸುಮ್ಮನಿರುವಾಗ ಜನರ ಕೂಗು ಕಾರಣವಿಲ್ಲದೆ ಕುಗ್ಗುತ್ತದೆ, ಕನ್ನಡದವರು ಸಿಕ್ಸರ್ ಎಂದು ಕೂಗುವಾಗ ಜನರ ಸದ್ದು ಪೂರ್ತಿ ಏರಿ ಮಾತನ್ನು ನುಂಗುತ್ತದೆ. ಬೆಡ್ ಉಸಿರಾಡುತ್ತಿರುವಂತೆ ಕೇಳಿಸುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದ ಬೆಡ್ ಬಸ್ಸಿನ ಮೇಲೆ ಸೈಡ್‌ಚೈನ್ ಬೇಡವೇ ಬೇಡ. ಎಂಪೆಗ್-ಎಚ್ ಬಳಸುವ, ಸದ್ದಿನ ಏರಿಳಿತ ನಿಯಂತ್ರಿಸುವ ಎಂಪೆಗ್-ಡಿ ಡಿಆರ್‌ಸಿಯಲ್ಲಿ ಡಕ್ಕಿಂಗ್ ಗೇನ್‌ಗಳನ್ನು ಮೆಟಾಡೇಟಾ ಆಗಿ ಕಳಿಸುವ ಸೌಲಭ್ಯವಿದೆ: ತಗ್ಗಿಸುವ ಕೆಲಸ ಟಿವಿಯಲ್ಲಿ, ಆಯ್ದ ಭಾಷೆಗೆ ತಕ್ಕಂತೆ ನಡೆಯುತ್ತದೆ. ನಿಮ್ಮ ಎನ್‌ಕೋಡರ್ ಅದನ್ನು ತಯಾರಿಸುತ್ತದೆಯೇ ಎಂದು ಖರೀದಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳಲ್ಲಿ ಇದು ಮೊದಲನೆಯದು. ಇಲ್ಲದಿದ್ದರೆ ಬೆಡ್ಡನ್ನು ಪ್ರಿಸೆಟ್ಟಿನಲ್ಲಿ 3 ಡೆಸಿಬೆಲ್ ಸ್ಥಿರವಾಗಿ ತಗ್ಗಿಸಿಡುವುದು ಮೇಲು.

ಎರಡನೆಯದು ಸೋರಿಕೆ. ಭಾಷೆಯ ಕಾಮೆಂಟೇಟರುಗಳು ಹೆಚ್ಚಾಗಿ ಮೈದಾನದಲ್ಲಲ್ಲ, ದೂರದ ಸ್ಟುಡಿಯೋದಲ್ಲಿ ಕೂತಿರುತ್ತಾರೆ. ಅವರ ಹೆಡ್‌ಸೆಟ್ಟಿಗೆ ಇಂಗ್ಲಿಷ್ ಕಾಮೆಂಟರಿ ಸೇರಿದ ವರ್ಲ್ಡ್ ಫೀಡ್ (ಎಲ್ಲ ದೇಶಗಳಿಗೂ ಹೋಗುವ ಪ್ರಸಾರ) ಕೊಟ್ಟರೆ, ಅದು ಕಿವಿಯ ಪಕ್ಕದಿಂದ ಮೈಕಿಗೆ ಸೋರುತ್ತದೆ. ಮೊದಲು ಇದು ಜನರ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಈಗ ನೋಡುಗರು ಕನ್ನಡವನ್ನು 9 ಡೆಸಿಬೆಲ್ ಏರಿಸಿದರೆ ಹಿಂದಿನಿಂದ ಇಂಗ್ಲಿಷಿನ ಪಿಸುಮಾತು ಸ್ಪಷ್ಟವಾಗಿ ಕೇಳುತ್ತದೆ. ಹೆಡ್‌ಸೆಟ್ಟಿಗೆ ಕೇವಲ ಮೈದಾನದ ಸದ್ದು ಕೊಡಿ, ಮುಚ್ಚಿದ ಕಪ್ಪಿನ ಹೆಡ್‌ಸೆಟ್ ಬಳಸಿ, ಮಾತಿಲ್ಲದಾಗ ಚಾನೆಲ್ ಮುಚ್ಚುವ ಕೆಮ್ಮುಗುಂಡಿಯ ಅಭ್ಯಾಸ ಮಾಡಿಸಿ. ಬೆಡ್‌ನ ನಡು ಚಾನೆಲ್‌ಗೂ ಇದೇ ಎಚ್ಚರ: ಅಲ್ಲಿ ಯಾವ ಭಾಷೆಯೂ ಇರಬಾರದು. ಹಳೆಯ ಪಂದ್ಯದ ತುಣುಕು ಪೂರ್ತಿ ಬೆರೆತ ಮಿಶ್ರಣವಾಗಿ ಮಾತ್ರ ಸಿಕ್ಕಿದರೆ ಅದಕ್ಕೆ ಬೇರೆ ಪ್ರಿಸೆಟ್ ಇರಲಿ. ಬೆರೆತ ಧ್ವನಿಯಿಂದ ಮಾತನ್ನು ಬೇರ್ಪಡಿಸುವ ತಂತ್ರಾಂಶಗಳಿವೆ, ಫ್ರಾನ್‌ಹೋಫರಿನ ಡೈಲಾಗ್ ಪ್ಲಸ್ ಅಂಥದ್ದು. ಅದೇ ಭಾಷೆಯಲ್ಲಿ ಮಾತನ್ನು ಸ್ಪಷ್ಟಗೊಳಿಸಲು ಅವು ಉಪಯುಕ್ತ, ಒಂದು ಭಾಷೆ ಅಳಿಸಿ ಇನ್ನೊಂದನ್ನು ಕೂರಿಸಲು ನೆಚ್ಚಿಕೊಳ್ಳಬೇಡಿ.

ಮೂರನೆಯದು ವಿಳಂಬ. ಸ್ಟುಡಿಯೋಗೆ ಚಿತ್ರ ತಲುಪಿ, ಅಲ್ಲಿಂದ ಮಾತು ವಾಪಸು ಬರುವಷ್ಟರಲ್ಲಿ ಪ್ರತಿ ಭಾಷೆಗೂ ಬೇರೆ ಬೇರೆ ತಡ. ಅತ್ಯಂತ ತಡವಾದ ಭಾಷೆಗೆ ಸರಿಯಾಗಿ ಬೆಡ್, ಚಿತ್ರ ಮತ್ತು ಉಳಿದ ಭಾಷೆಗಳನ್ನೂ ಹಿಂದಕ್ಕೆ ತಳ್ಳಬೇಕು, ಕಂಟ್ರೋಲ್ ಟ್ರ್ಯಾಕನ್ನೂ ಸೇರಿಸಿ. 25 ಫ್ರೇಮ್ ಪದ್ಧತಿಯಲ್ಲಿ ಒಂದು ಫ್ರೇಮ್ 40 ಮಿಲಿಸೆಕೆಂಡ್; ಸ್ಟುಡಿಯೋ ಚಿತ್ರದ ಮುಂದೆ ಚಪ್ಪಾಳೆ ತಟ್ಟಿಸಿ ಅಳೆದರೆ ಒಂದು ಫ್ರೇಮಿನೊಳಗೆ ತರಬಹುದು.

ನಾಲ್ಕನೆಯದು ಲೌಡ್‌ನೆಸ್, ಅಂದರೆ ಕಿವಿಗೆ ಕೇಳುವ ಒಟ್ಟು ಜೋರು. ಐಟಿಯುವಿನ ಬಿಎಸ್.1770 ಮಾನಕದ ಪ್ರಕಾರ ಅಳೆಯುವುದು ನಿಮಗೆ ಹೊಸದಲ್ಲ. ಗುರಿ ಅಮೆರಿಕದಲ್ಲಿ ಮೈನಸ್ 24, ಯುರೋಪಿನಲ್ಲಿ ಮೈನಸ್ 23. ಹೊಸದೆಂದರೆ ಪ್ರತಿ ಪ್ರಿಸೆಟ್ಟನ್ನೂ ಬೇರೆಬೇರೆ ಅಳೆದು ಬರೆಯಬೇಕು, ಯಾಕೆಂದರೆ ‘ಕಾಮೆಂಟರಿ ಇಲ್ಲ’ ಎಂಬುದರ ಮಟ್ಟ ‘ಕನ್ನಡ’ದ್ದಕ್ಕಿಂತ ಬೇರೆಯೇ. ಟಿವಿ ಸದ್ದು ಸಮ ಮಾಡುವುದು ನೀವು ಬರೆದ ಸಂಖ್ಯೆ ನೋಡಿ, ನಿಜವಾದ ಸದ್ದು ಕೇಳಿ ಅಲ್ಲ. ಮಿಶ್ರಣ ನಿಜಕ್ಕೂ ಮೈನಸ್ 20 ಇದ್ದು ಮೆಟಾಡೇಟಾ ಮೈನಸ್ 24 ಎಂದರೆ ಆ ಕಾರ್ಯಕ್ರಮ ಉಳಿದೆಲ್ಲಕ್ಕಿಂತ 4 ಡೆಸಿಬೆಲ್ ಜೋರು. ಎಲ್ಲ ಪ್ರಿಸೆಟ್ಟಿಗೂ ಮೈನಸ್ 24 ಎಂದು ಗುಂಡಿ ಒತ್ತಿ ತುಂಬಿಸುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ. ಸಂಖ್ಯೆ ಸರಿಯಿದ್ದರೆ ಎಂಪೆಗ್-ಎಚ್ ಇನ್ನೊಂದು ಉಪಕಾರ ಮಾಡುತ್ತದೆ: ನೋಡುಗರು ಮಾತು ಏರಿಸಿದಾಗ ಒಟ್ಟು ಮಟ್ಟ ಹಾಗೇ ಉಳಿಯುವಂತೆ ಸರಿದೂಗಿಸುತ್ತದೆ.

ಮನೆಯೊಳಗೆ ಸೌಂಡ್‌ಬಾರ್ ಇದ್ದರೆ ಇನ್ನೊಂದು ತೊಡಕು. ಎಂಪೆಗ್-ಎಚ್ ಸ್ಟ್ರೀಮನ್ನು ಟಿವಿ ಎಚ್‌ಡಿಎಂಐ ಮೂಲಕ ಹಾಗೇ ಹೊರಗೆ ಕಳಿಸಬಹುದು. ಆಗ ರಿಮೋಟಿನಲ್ಲಿ ಆರಿಸಿದ್ದನ್ನು ‘ಯೂಸರ್ ಇಂಟರಾಕ್ಷನ್’ ಪ್ಯಾಕೆಟ್ಟಾಗಿ ಅದೇ ಸ್ಟ್ರೀಮಿಗೆ ಸೇರಿಸುವ ವ್ಯವಸ್ಥೆ ಮಾನಕದಲ್ಲೇ ಇದೆ. ಸೌಂಡ್‌ಬಾರಿಗೆ ಎಂಪೆಗ್-ಎಚ್ ಬಿಚ್ಚಲು ಬರದಿದ್ದರೆ ಟಿವಿಯೇ ಬಿಚ್ಚಿ ಬೇರೆ ರೂಪದಲ್ಲಿ ಕೊಡಬೇಕು. ಎಸಿ-4ರಲ್ಲಿ ಈ ಎರಡನೆಯ ದಾರಿಯೇ ಮಾಮೂಲು, ಯಾಕೆಂದರೆ ಎಸಿ-4 ಬಿಚ್ಚುವ ಆಂಪ್ಲಿಫೈಯರುಗಳು ಅಪರೂಪ. ಟಿವಿ ಅದನ್ನು ಡಾಲ್ಬಿ ಡಿಜಿಟಲ್ ಪ್ಲಸ್‌ನಂಥ ಹಳೆಯ ರೂಪಕ್ಕೆ ತಿರುಗಿಸುತ್ತದೆ. ಅಮೆರಿಕದಲ್ಲಿ ಎಸಿ-4 ಇಲ್ಲದ ಟ್ಯೂನರ್ ಅಥವಾ ಆಪ್ ಬಳಸುವವರಿಗೆ ಚಿತ್ರ ಮಾತ್ರ ಬಂದು ಸದ್ದು ಬರದಿರುವುದಕ್ಕೆ ಕಾರಣವೂ ಡೀಕೋಡರಿನ ಈ ಕೊರತೆಯೇ.

ಪಂದ್ಯದ ಹಿಂದಿನ ದಿನ ಮಾಡಬೇಕಾದ ಒಂದು ಪರೀಕ್ಷೆ ಹೇಳಿ ಮುಗಿಸುತ್ತೇನೆ. ನಾಲ್ಕು ಭಾಷೆಯ ಚಾನೆಲ್‌ಗಳಲ್ಲೂ ಆಯಾ ಭಾಷೆಯಲ್ಲೇ ಅದರ ಹೆಸರು ಹೇಳುವ ಧ್ವನಿಮುದ್ರಣ ಹಾಕಿ, ಬೆಡ್‌ಗೆ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಒಂದೇ ಸಮನಾದ ಭೋರೆಂಬ ಸದ್ದು) ಬಿಡಿ. ಎನ್‌ಕೋಡರಿನ ಹೊರಗಿನ ಸ್ಟ್ರೀಮನ್ನು ಸಾಮಾನ್ಯ 32 ಇಂಚಿನ ಟಿವಿಯೊಂದಕ್ಕೆ ಕೊಟ್ಟು, ಅದರ ಸ್ವಂತ ಸ್ಪೀಕರಿನಲ್ಲೇ ಕೇಳುತ್ತ ಪ್ರತಿ ಪ್ರಿಸೆಟ್ ಆರಿಸಿ. ಹೆಸರು ಮತ್ತು ಭಾಷೆ ಹೊಂದುತ್ತದೆಯೇ, ಭಾಷೆ ಬದಲಿಸಿದಾಗ ನಾಯ್ಸ್ ತಡವರಿಸದೆ ಹರಿಯುತ್ತದೆಯೇ, ಎತ್ತರದ ನಾಲ್ಕು ಚಾನೆಲ್ ಸ್ಟೀರಿಯೋಗೆ ಇಳಿದಾಗ ಸದ್ದು ಟೊಳ್ಳಾಗುತ್ತದೆಯೇ ನೋಡಿ. ಟೊಳ್ಳಾದರೆ ಮೇಲಿನ ಚಾನೆಲ್‌ಗಳಲ್ಲಿ ಕೆಳಗಿನದೇ ಸದ್ದು ಕೆಲವು ಮಿಲಿಸೆಕೆಂಡ್ ತಡವಾಗಿ ಕೂತಿದೆ ಎಂದರ್ಥ. ಎತ್ತರಕ್ಕೆ ಬೇರೆ ಮೈಕ್ ಕಟ್ಟಿ, ಅಥವಾ ಆ ನಾಲ್ಕನ್ನು ಡೌನ್‌ಮಿಕ್ಸ್‌ನಲ್ಲಿ (ಸ್ಟೀರಿಯೋಗೆ ಇಳಿಸುವಾಗ) 3 ಡೆಸಿಬೆಲ್ ಇಳಿಸಿ. ಕೊನೆಗೆ 16ನೇ ಚಾನೆಲನ್ನು ಹತ್ತು ಸೆಕೆಂಡು ಕಿತ್ತುಹಾಕಿ. ಟಿವಿಯಲ್ಲಿ ಮುಖ್ಯ ಭಾಷೆ ತಡೆಯಿಲ್ಲದೆ ಕೇಳುತ್ತಲೇ ಇದ್ದರೆ ನಿಮ್ಮ ಜೋಡಣೆ ಪಂದ್ಯಕ್ಕೆ ಸಿದ್ಧ.